ಹಣದ ಹಾದಿಯ ಸುಂಕದ ಕಟ್ಟೆಗಳು

ಗಡಿಯಲ್ಲಿ ಬಾಳುವವರಿಗೆ ಸುಂಕದ ಕಟ್ಟೆಯ ಪರಿಚಯವನ್ನು ಬೇರೆಯವರು ಮಾಡಿಕೊಡಬೇಕಾಗಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬರುವ ವರೆಗೂ ಕೇರಳ ಕರ್ನಾಟಕಗಳ ನಡುವಣ ದಾರಿಗಳಲ್ಲಿ ವಾಣಿಜ್ಯ ತೆರಿಗೆಯ ತಪಾಸಣೆಯ ಕಟ್ಟೆಗಳಿದ್ದವು. ಮಂಜೇಶ್ವರದ ಹೆದ್ದಾರಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನಾವೆಲ್ಲ ಕಂಡವರೇ. ಕಟ್ಟೆಯಿಲ್ಲದ ಒಳದಾರಿಗಳಲ್ಲಿ, ಗುಡ್ಡದ ಬದಿಯ ಮಣ್ಣಿನ ಹಾದಿಗಳಲ್ಲಿ, ಅಡಿಕೆಯ ಮೂಟೆ ಹೊತ್ತ ಜೀಪುಗಳು ರಾತ್ರಿ ಹೊತ್ತು ಓಡುತ್ತಿದ್ದ ಸದ್ದನ್ನು ಕೇಳಿದವರೂ ಹೌದು. ಕಟ್ಟೆಯನ್ನು ಕಟ್ಟಿದವರ ಉದ್ದೇಶ ಸುಂಕದ ವಸೂಲಿ. ಆದರೆ ಯಾರೂ ಹೇಳದೆ ಅದು ಮಾಡಿದ ಇನ್ನೊಂದು ಕೆಲಸವೆಂದರೆ ದಾರಿಯನ್ನೇ ತಿರುಗಿಸಿದುದು.

ಅಡಿಕೆಯ ಮೂಟೆಗೆ ಸಲ್ಲುವ ಈ ಮಾತು ಕಂಪೆನಿಗಳ ಲಾಭಕ್ಕೂ ಸಲ್ಲುತ್ತದೆ. ಕಂಪೆನಿಯ ಗಳಿಕೆ ಷೇರುದಾರನ ಕೈಗೆ ಬರುವ ಹಾದಿಗಳು ಮುಖ್ಯವಾಗಿ ಎರಡು. ಒಂದು, ವರ್ಷವರ್ಷವೂ ಹಂಚುವ ಲಾಭಾಂಶ, ಅಂದರೆ ಡಿವಿಡೆಂಡು. ಇನ್ನೊಂದು, ಲಾಭವನ್ನು ಹಂಚದೆ ಕಂಪೆನಿಯಲ್ಲೇ ಉಳಿಸಿ ಬೆಳೆಸಿದಾಗ ಷೇರಿನ ಬೆಲೆ ಏರಿ, ಅದನ್ನು ಮಾರಿದಾಗ ದೊರೆಯುವ ಹೆಚ್ಚುವರಿ, ಅಂದರೆ ಬಂಡವಾಳ ಲಾಭ. ಈ ಎರಡು ಹಾದಿಗಳಲ್ಲಿಯೂ ಸರಕಾರದ ಕಟ್ಟೆಗಳಿವೆ. ಕಟ್ಟೆ ಯಾವ ಹಾದಿಯಲ್ಲಿ ಎತ್ತರ, ಯಾವುದರಲ್ಲಿ ತಗ್ಗು ಎಂಬುದನ್ನು ನೋಡಿಕೊಂಡು ಹಣ ತನ್ನ ನಡೆಯನ್ನು ಬದಲಿಸುತ್ತದೆ. ಜೀಪಿನವನದು ಕಾನೂನಿಗೆ ಹೊರತಾದ ಕೆಲಸ, ಕಂಪೆನಿಯ ನಿರ್ದೇಶಕರದು ಕಾನೂನಿನೊಳಗಿನದು. ಭೇದ ಇಷ್ಟೇ.

ಇಂಥ ಒಣ ವಿಷಯ ಸಂಸಾರವಂದಿಗರ ಪತ್ರಿಕೆಗೆ ಏಕೆಂದು ವಾಚಕರು ಕೇಳಬಹುದು. ಕಾರಣವಿದೆ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಬ್ಯಾಂಕುಗಳ ತವರೆಂದು ಹೆಸರಾದ ಜಿಲ್ಲೆ ಅದು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು, ಹೀಗೆ ಕಾಲು ಶತಮಾನದಲ್ಲಿ ಐದು ಬ್ಯಾಂಕುಗಳು ಹುಟ್ಟಿಕೊಂಡವು. 1969ರಲ್ಲಿ ಎರಡು, 1980ರಲ್ಲಿ ಎರಡು ರಾಷ್ಟ್ರೀಕರಣಗೊಂಡವು. ಕರ್ಣಾಟಕ ಬ್ಯಾಂಕು ಮಾತ್ರ ಖಾಸಗಿಯಾಗಿ ಉಳಿಯಿತು. ಈ ಕಾರಣದಿಂದ ಷೇರು ಎಂಬುದು ನಮ್ಮ ಕಡೆಯ ಮನೆಗಳಿಗೆ ಮುಂಬಯಿಯ ಜೂಜಿನಂತೆ ಪರಿಚಯವಾಗಲಿಲ್ಲ. ತೋಟದ ಇನ್ನೊಂದು ತುಂಡಿನಂತೆ ಪರಿಚಯವಾಯಿತು. ಹಿರಿಯರು ಅಡಿಕೆ ಮಾರಿದ ಹಣದಲ್ಲಿ ನಾಲ್ಕು ಷೇರು ಕೊಂಡು, ಕಾಗದವನ್ನು ದೇವರ ಕೋಣೆಯ ಪೆಟ್ಟಿಗೆಯಲ್ಲಿಟ್ಟು ಮರೆತರು. ಆ ಕಾಗದಗಳು ಈಗ ಮಕ್ಕಳ, ಸೊಸೆಯಂದಿರ, ವಿಧವೆಯರ ಪಾಲಿಗೆ ಬಂದಿವೆ.

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಲೆಕ್ಕಪರಿಶೋಧಕನಲ್ಲ. ಆದರೂ ಬಂಧುಗಳು ಷೇರಿನ ಕಾಗದಗಳನ್ನು ನಮ್ಮ ಮನೆಯ ಜಗಲಿಗೆ ತರುತ್ತಾರೆ. ಕಂಪೆನಿಯಿಂದ ಬರುವ ಪತ್ರ ಇಂಗ್ಲಿಷಿನಲ್ಲಿರುತ್ತದೆ, ಸರಕಾರಿ ಕಚೇರಿಯ ಪತ್ರ ಮಲಯಾಳದಲ್ಲಿರುತ್ತದೆ. ಮನೆಯ ಹೆಂಗಸರು ಕಲಿತದ್ದು ಕನ್ನಡ. ಆದುದರಿಂದ ಓದಿ ಹೇಳುವವನೊಬ್ಬ ಬೇಕಾಗುತ್ತಾನೆ. ಹೀಗೆ ಓದಿ ಹೇಳುತ್ತ, ಬಜೆಟ್ಟಿನಲ್ಲಿ ಬದಲಾಗುವ ಒಂದು ಅಂಕಿ ಹೇಗೆ ಒಂದು ಮನೆಯ ನಿರ್ಧಾರವನ್ನು ಅತ್ತಿತ್ತ ಎಳೆಯುತ್ತದೆಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ತೋಟದ ಹೋಲಿಕೆಯಿಂದಲೇ ಹೊರಡೋಣ. ಲಾಭಾಂಶವೆಂದರೆ ಮರದ ಫಸಲು. ಬೆಲೆಯ ಏರಿಕೆಯೆಂದರೆ ಮರದ ಬೆಳವಣಿಗೆ. ಫಸಲನ್ನು ಕೊಯ್ದಾಗ ಮಾತ್ರ ತೆರಿಗೆಯೆಂದು ಸರಕಾರ ಹೇಳಿದರೆ ಒಡೆಯ ಏನು ಮಾಡಿಯಾನು? ಫಸಲು ಕಡಿಮೆ ಕೊಟ್ಟು ಕಾಂಡ ದಪ್ಪವಾಗುವಂತೆ ಮರವನ್ನು ಸಾಕುವ ಉಪಾಯವಿದ್ದರೆ ಅದನ್ನೇ ಹಿಡಿಯುತ್ತಾನೆ. ಮರಕ್ಕೆ ಅಂಥ ಉಪಾಯವಿಲ್ಲ. ಕಂಪೆನಿಗೆ ಇದೆ.

ನಮ್ಮ ದೇಶದಲ್ಲಿ ಇದರ ಅತಿರೇಕವನ್ನು ಕಂಡದ್ದು ಎಪ್ಪತ್ತರ ದಶಕದಲ್ಲಿ. 1973-74ರ ಹೊತ್ತಿಗೆ ವ್ಯಕ್ತಿಯ ಆದಾಯದ ಮೇಲಿನ ಅತ್ಯುಚ್ಚ ದರ, ಮೇಲ್ತೆರಿಗೆಯೂ ಸೇರಿ, ನೂರಕ್ಕೆ 97.75 ಆಗಿತ್ತು. ಆ ಸ್ತರದ ಶ್ರೀಮಂತ ಷೇರುದಾರನಿಗೆ ಕಂಪೆನಿ ನೂರು ರೂಪಾಯಿ ಲಾಭಾಂಶ ಕೊಟ್ಟರೆ ಅವನಿಗೆ ಉಳಿಯುವುದು ಎರಡೂಕಾಲು ರೂಪಾಯಿ. ಕಂಪೆನಿಯನ್ನು ನಡೆಸುವವನೂ ಅವನೇ ಆಗಿದ್ದರೆ ಲಾಭಾಂಶ ಹಂಚುವ ಹುಚ್ಚು ಅವನಿಗೇಕೆ? ಲಾಭವನ್ನು ಮೀಸಲು ನಿಧಿಗೆ ಹಾಕುವುದು, ಮೀಸಲು ನಿಧಿ ಬೆಳೆದಾಗ ಬೋನಸ್ ಷೇರು ಕೊಡುವುದು, ಕಂಪೆನಿಯ ಕಾರು ಬಂಗಲೆಗಳನ್ನೇ ಅನುಭವಿಸುವುದು, ಇವು ಆ ಕಾಲದ ಜಾಣತನಗಳು. ಸರಕಾರವೂ ಇದನ್ನು ಅರಿಯದೆ ಇರಲಿಲ್ಲ. ಕೆಲವೇ ಜನರ ಹಿಡಿತದಲ್ಲಿರುವ ಕಂಪೆನಿಗಳು ಸಾಕಷ್ಟು ಲಾಭ ಹಂಚದಿದ್ದರೆ ಅವಕ್ಕೆ ಹೆಚ್ಚಿನ ತೆರಿಗೆ ಹಾಕುವ ಕಲಮೊಂದು ಆದಾಯ ತೆರಿಗೆಯ ಶಾಸನದಲ್ಲಿ 1987ರ ವರೆಗೂ ಇತ್ತು. ಇದರ ನಡುವೆಯೇ 1974ರಲ್ಲಿ, ಬೆಲೆಯೇರಿಕೆಯನ್ನು ತಡೆಯುವುದಕ್ಕೆಂದು, ಲಾಭಾಂಶಕ್ಕೇ ಮಿತಿ ಹಾಕುವ ಕಾನೂನು ಬಂತು. ಒಂದು ಕೈ ಹಂಚು ಎಂದಿತು, ಇನ್ನೊಂದು ಕೈ ಹಂಚಬೇಡ ಎಂದಿತು.

1997ರಲ್ಲಿ ಹಣಕಾಸು ಸಚಿವ ಪಿ. ಚಿದಂಬರಂ ಅವರು ಈ ಕಟ್ಟೆಯನ್ನೇ ಸ್ಥಳಾಂತರಿಸಿದರು. ಷೇರುದಾರನ ಮನೆಯ ಬಾಗಿಲಲ್ಲಿದ್ದುದನ್ನು ಕಂಪೆನಿಯ ಬಾಗಿಲಿಗೆ ತಂದರು. ಕಂಪೆನಿಯೇ ಲಾಭಾಂಶ ವಿತರಣಾ ತೆರಿಗೆಯನ್ನು ನೂರಕ್ಕೆ 10ರಂತೆ ಕಟ್ಟಬೇಕು, ಷೇರುದಾರ ಏನೂ ಕಟ್ಟಬೇಕಾಗಿಲ್ಲ ಎಂಬುದು ಹೊಸ ಏರ್ಪಾಡು. ವಸೂಲಿಗೆ ಇದು ಸುಲಭ, ಲಕ್ಷಾಂತರ ಮನೆಗಳ ಲೆಕ್ಕ ನೋಡುವ ಬದಲು ಕೆಲವು ಸಾವಿರ ಕಂಪೆನಿಗಳ ಲೆಕ್ಕ ನೋಡಿದರೆ ಆಯಿತು. ಆದರೆ ಕಟ್ಟೆ ಒಂದೆಡೆ ನೆಲೆಯಾಗಿ ನಿಲ್ಲಲಿಲ್ಲ. 2000ದಲ್ಲಿ ದರ 20ಕ್ಕೆ ಏರಿತು. 2001ರಲ್ಲಿ ಮತ್ತೆ 10ಕ್ಕೆ ಇಳಿಯಿತು. 2002ರಲ್ಲಿ ಇಡಿಯ ಪದ್ಧತಿಯನ್ನೇ ಕೈಬಿಟ್ಟು ತೆರಿಗೆಯನ್ನು ಷೇರುದಾರನ ತಲೆಗೇ ಹೊರಿಸಿದರು. 2003ರಲ್ಲಿ ಮತ್ತೆ ಕಂಪೆನಿಯ ಬಾಗಿಲಿಗೆ, ಈ ಬಾರಿ 12.5ರ ದರದಲ್ಲಿ. 2007ರಲ್ಲಿ ಅದು 15 ಆಯಿತು. 2014ರಲ್ಲಿ ಲೆಕ್ಕ ಹಾಕುವ ಕ್ರಮ ಬದಲಾಗಿ, ಮೇಲ್ತೆರಿಗೆ ಉಪಕರಗಳೂ ಕೂಡಿ, 2018ರ ಹೊತ್ತಿಗೆ ಷೇರುದಾರನಿಗೆ ಕೊಡುವ ಪ್ರತಿ ನೂರಕ್ಕೆ ಕಂಪೆನಿ ಸುಮಾರು ಇಪ್ಪತ್ತೂವರೆ ರೂಪಾಯಿ ತೆರಿಗೆ ಕಟ್ಟುವಂತಾಯಿತು.

ಇಲ್ಲಿ ನಮ್ಮ ಚಿಕ್ಕಮ್ಮನ ವಿಚಾರ ಹೇಳಬೇಕು. ಚಿಕ್ಕಮ್ಮನಿಗೆ ಎಂಬತ್ತರ ಹತ್ತಿರದ ವಯಸ್ಸು, ಮಕ್ಕಳಿಲ್ಲ. ಚಿಕ್ಕಪ್ಪ ಬಿಟ್ಟುಹೋದದ್ದು ಒಂದು ಸಣ್ಣ ಮನೆ, ಹಿತ್ತಿಲಿನ ನಲವತ್ತು ತೆಂಗು, ಬೆಂಗಳೂರಿನ ಒಂದು ಕಂಪೆನಿಯ ಷೇರುಗಳು. ವರ್ಷಕ್ಕೊಮ್ಮೆ ಬರುವ ಲಾಭಾಂಶವೇ ಅವರ ಔಷಧಿಯ ಖರ್ಚು, ಮನೆಗೆಲಸದ ಹುಡುಗಿಯ ಸಂಬಳ. 2019ರಲ್ಲಿ ಬಂದ ಮೊತ್ತ 18,000 ರೂಪಾಯಿ. ಪತ್ರದಲ್ಲಿ ಲಾಭಾಂಶಕ್ಕೆ ನಿಮ್ಮ ಕೈಯಲ್ಲಿ ತೆರಿಗೆಯಿಲ್ಲವೆಂದು ಬರೆದಿತ್ತು. ಚಿಕ್ಕಮ್ಮನಿಗೆ ಅದೊಂದು ಗೌರವದಂತೆ. "ಸರಕಾರಕ್ಕೆ ಮುದುಕಿಯರ ಮೇಲೆ ಕರುಣೆ ಇದೆ" ಎಂದು ಹೇಳಿಕೊಳ್ಳುತ್ತಿದ್ದರು.

2021ರ ಮಳೆಗಾಲದಲ್ಲಿ ಪರಿಸ್ಥಿತಿ ತಿರುಗಿತು. ಕಂಪೆನಿ 20,000 ರೂಪಾಯಿ ಘೋಷಿಸಿತ್ತು. ಬ್ಯಾಂಕಿಗೆ ಬಂದದ್ದು 18,000. ಉಳಿದ 2,000ವನ್ನು ಮೂಲದಲ್ಲೇ ತೆರಿಗೆಯೆಂದು ಮುರಿದುಕೊಂಡಿದ್ದರು. ಚಿಕ್ಕಮ್ಮ ಪಾಸುಪುಸ್ತಕ ಹಿಡಿದುಕೊಂಡು ಬಂದರು. "ನೋಡು ಮಗ, ಇಷ್ಟು ವರ್ಷ ಇಲ್ಲದ ತೆರಿಗೆ ಈಗ ನನ್ನ ಮೇಲೆ ಬಿತ್ತು. ನಾನು ಯಾರ ತೋಟಕ್ಕೆ ಬೇಲಿ ಹಾರಿದ್ದೇನೆ?" ಎಂದು ಕೇಳಿದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆಯನ್ನೂ ಸೇರಿಸಿದರು.

ನಾನು ಹಲಗೆ ಬಳಪ ತೆಗೆದುಕೊಂಡು ಲೆಕ್ಕ ಬಿಡಿಸಿದೆ. 2019ರಲ್ಲಿ ನಿಮ್ಮ ಕೈಗೆ 18,000 ಬಂತಲ್ಲವೆ, ಅದಕ್ಕಾಗಿ ಕಂಪೆನಿ ನಿಮ್ಮ ಪಾಲಿನ ಲಾಭದಿಂದ ತೆಗೆದದ್ದು ಸುಮಾರು 21,700. ನಡುವಿನ 3,700 ನಿಮಗೆ ತೋರಿಸದೆ ಸರಕಾರಕ್ಕೆ ಹೋಯಿತು. ನಿಮ್ಮ ಹಾಗೆಯೇ ಷೇರು ಹೊಂದಿದ ಕೋಟ್ಯಧೀಶನಿಂದಲೂ ಅದೇ ಪ್ರಮಾಣದಲ್ಲಿ ಹೋಯಿತು. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ನಿಮಗೂ ಅವನಿಗೂ ಒಂದೇ ಅಳತೆ. ಈಗ 2020ರ ಏಪ್ರಿಲ್ 1ರಿಂದ ವಿತರಣಾ ತೆರಿಗೆಯನ್ನು ರದ್ದು ಮಾಡಿದ್ದಾರೆ. ಲಾಭಾಂಶ ಅವರವರ ಆದಾಯಕ್ಕೆ ಸೇರಿ, ಅವರವರ ದರದಲ್ಲಿ ತೆರಿಗೆ. ನಿಮ್ಮ ದರ ಸೊನ್ನೆ. ಮುರಿದುಕೊಂಡ 2,000ವನ್ನು ಲೆಕ್ಕಪತ್ರ ಸಲ್ಲಿಸಿ ಹಿಂದೆ ಪಡೆಯಬಹುದು. ಮುಂದಿನ ವರ್ಷದಿಂದ ಹಿರಿಯ ನಾಗರಿಕರ ಘೋಷಣೆಯ ಫಾರಮನ್ನು ಮೊದಲೇ ಕಳಿಸಿದರೆ ಮುರಿಯುವುದೇ ಇಲ್ಲ.

ಚಿಕ್ಕಮ್ಮ ಬಹಳ ಹೊತ್ತು ಹಲಗೆಯನ್ನೇ ನೋಡಿದರು. "ಹಾಗಾದರೆ ತೆರಿಗೆ ಇಲ್ಲ ಎಂದಾಗ ಕೊಟ್ಟೆ, ತೆರಿಗೆ ಇದೆ ಎಂದಾಗ ಕೊಡಬೇಕಾಗಿಲ್ಲ" ಎಂದರು. ಈ ವಿಷಯದ ಬಗ್ಗೆ ನಾನು ಓದಿದ ಬರಹಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ಮಾತು ಕಡಿಮೆ. ಕಾಣುವ ತೆರಿಗೆ ನೋಯಿಸುತ್ತದೆ, ಕಾಣದ ತೆರಿಗೆ ಸವೆಸುತ್ತದೆ. ಆ 2,000 ರೂಪಾಯಿ ಮರುವರ್ಷ ಅವರ ಖಾತೆಗೆ ಮರಳಿ ಬಂತು.

ಇನ್ನು ದೊಡ್ಡವರ ಕಡೆ ನೋಡೋಣ. 2016ರಲ್ಲಿ, ವರ್ಷಕ್ಕೆ 10 ಲಕ್ಷ ರೂಪಾಯಿಗೂ ಮಿಕ್ಕಿ ಲಾಭಾಂಶ ಪಡೆಯುವ ವ್ಯಕ್ತಿಗಳು ಮಿಕ್ಕ ಮೊತ್ತಕ್ಕೆ ನೂರಕ್ಕೆ 10ರಂತೆ ಬೇರೆಯಾಗಿ ಕಟ್ಟಬೇಕೆಂಬ ನಿಯಮ ಬಂತು. ಅದೇ ಸಮಯದಲ್ಲಿ ಇನ್ನೊಂದು ಹಾದಿ ಕಟ್ಟೆಯಿಲ್ಲದೆ ತೆರೆದಿತ್ತು. 2004ರ ಅಕ್ಟೋಬರಿನಿಂದ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಷೇರನ್ನು ವಿನಿಮಯ ಕೇಂದ್ರದ ಮೂಲಕ ಮಾರಿದರೆ ಬಂದ ಲಾಭಕ್ಕೆ ತೆರಿಗೆ ಇರಲಿಲ್ಲ. ವಹಿವಾಟಿನ ಮೇಲೆ ಒಂದು ಸಣ್ಣ ಸುಂಕ ಮಾತ್ರ ಇತ್ತು. ಹೀಗಿರಲು ಕಂಪೆನಿಯೇ ತನ್ನ ಷೇರನ್ನು ಷೇರುದಾರರಿಂದ ಹಿಂದೆ ಕೊಂಡರೆ? ನೂರು ರೂಪಾಯಿಯನ್ನು ಲಾಭಾಂಶದ ಹಾದಿಯಲ್ಲಿ ಕಳಿಸಿದರೆ 83 ಮುಟ್ಟುತ್ತದೆ. ಮರುಖರೀದಿಯ ಹಾದಿಯಲ್ಲಿ ಕಳಿಸಿದರೆ ಬಹುಮಟ್ಟಿಗೆ ನೂರೂ ಮುಟ್ಟುತ್ತದೆ. 2017ರಲ್ಲಿ ಟಿಸಿಎಸ್ 16,000 ಕೋಟಿ, ಇನ್ಫೋಸಿಸ್ 13,000 ಕೋಟಿ, ವಿಪ್ರೊ 11,000 ಕೋಟಿ ರೂಪಾಯಿಗಳ ಮರುಖರೀದಿ ನಡೆಸಿದವು. ತೆರಿಗೆಯೊಂದೇ ಅದಕ್ಕೆ ಕಾರಣವೆಂದು ಹೇಳಲಾಗದು; ಕೈಯಲ್ಲಿ ಹಣ ತುಂಬಿತ್ತು, ಷೇರುದಾರರ ಒತ್ತಾಯವೂ ಇತ್ತು. ಆದರೆ ಹಂಚಲು ಮನಸ್ಸು ಮಾಡಿದ ಮೇಲೆ ಹಾದಿಯನ್ನು ಆರಿಸುವಾಗ ಕಟ್ಟೆಯ ಎತ್ತರ ಕಣ್ಣಿಗೆ ಬೀಳದೆ ಇರುವುದಿಲ್ಲ.

ಸರಕಾರ ಸುಮ್ಮನೆ ಕುಳಿತೀತೆ? 2018ರಲ್ಲಿ ದೀರ್ಘಾವಧಿ ಲಾಭಕ್ಕೆ ತೆರಿಗೆ ಮರಳಿ ಬಂತು. 2019ರ ಜುಲೈ 5ರಿಂದ, ಮರುಖರೀದಿ ಮಾಡುವ, ಷೇರು ವಿನಿಮಯ ಕೇಂದ್ರದ ಪಟ್ಟಿಯಲ್ಲಿರುವ ಕಂಪೆನಿಗಳೂ ನೂರಕ್ಕೆ 20ರಂತೆ ತೆರಿಗೆ ಕಟ್ಟಬೇಕಾಯಿತು. 2024ರ ಅಕ್ಟೋಬರ್ 1ರಿಂದ ಅದನ್ನೂ ಬದಲಿಸಿ, ಮರುಖರೀದಿಯಲ್ಲಿ ಬಂದ ಹಣವನ್ನು ಷೇರುದಾರನ ಲಾಭಾಂಶವೆಂದೇ ಎಣಿಸುವ ನಿಯಮ ತಂದರು. ಪ್ರತಿಯೊಂದು ಬದಲಾವಣೆಯ ಮುನ್ನಾ ದಿನಗಳಲ್ಲಿಯೂ ಒಂದೇ ದೃಶ್ಯ. 2020ರ ಫೆಬ್ರವರಿ ಮಾರ್ಚಿಗಳಲ್ಲಿ, ಹೊಸ ಪದ್ಧತಿ ಬರುವ ಮೊದಲೇ, ಪ್ರವರ್ತಕರ ಪಾಲು ದೊಡ್ಡದಾಗಿದ್ದ ಅನೇಕ ಕಂಪೆನಿಗಳು ಮಧ್ಯಂತರ ಲಾಭಾಂಶಗಳನ್ನು ಅವಸರದಿಂದ ಘೋಷಿಸಿದವು. 2024ರ ಸೆಪ್ಟೆಂಬರಿನಲ್ಲಿ ಮರುಖರೀದಿಗಳ ಸಾಲು. ಜಡಿಮಳೆಯ ಮೋಡ ಕಂಡಾಗ ಅಂಗಳದ ಅಡಿಕೆಯನ್ನು ಒಳಗೆ ಸಾಗಿಸುವ ಧಾವಂತವೇ ಅದು. ಅಡಿಕೆ ಹೆಚ್ಚಾಗಲಿಲ್ಲ, ಜಾಗ ಬದಲಾಯಿತು ಅಷ್ಟೆ.

ಈ ನಡವಳಿಕೆ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕದಲ್ಲಿ 2003ರಲ್ಲಿ ಲಾಭಾಂಶದ ಮೇಲಿನ ಅತ್ಯುಚ್ಚ ದರವನ್ನು 38.6ರಿಂದ 15ಕ್ಕೆ ಇಳಿಸಿದರು. ಅದುವರೆಗೆ ಲಾಭಾಂಶವನ್ನೇ ಕೊಡದಿದ್ದ ಹಲವು ಕಂಪೆನಿಗಳು ಕೊಡತೊಡಗಿದವು. ಮೈಕ್ರೋಸಾಫ್ಟ್ 2004ರಲ್ಲಿ ಷೇರಿಗೆ 3 ಡಾಲರಿನಂತೆ ಒಂದೇ ಬಾರಿಗೆ ಸುಮಾರು 3,200 ಕೋಟಿ ಡಾಲರು ಹಂಚಿತು. ರಾಜ್ ಚೆಟ್ಟಿ ಮತ್ತು ಇಮ್ಯಾನ್ಯುಯೆಲ್ ಸಾಯೆಝ್ ಎಂಬ ಅರ್ಥಶಾಸ್ತ್ರಜ್ಞರು 2005ರಲ್ಲಿ ಇದನ್ನು ಪರಿಶೀಲಿಸಿದಾಗ, ಅಧಿಕಾರದಲ್ಲಿರುವವರೇ ಹೆಚ್ಚು ಷೇರು ಹೊಂದಿದ್ದ ಕಂಪೆನಿಗಳಲ್ಲಿ ಲಾಭಾಂಶ ವಿಶೇಷವಾಗಿ ಏರಿದ್ದು ಕಂಡುಬಂತು. ಆದರೆ ತೆರಿಗೆ ಇಳಿದರೆ ಕಂಪೆನಿಗಳು ಹೊಸ ಯಂತ್ರ, ಹೊಸ ಕಾರ್ಖಾನೆಗಳಲ್ಲಿ ಹೆಚ್ಚು ಹಣ ತೊಡಗಿಸುವುವೆಂಬ ನಿರೀಕ್ಷೆ? ಡ್ಯಾನಿ ಯಾಗನ್ ಎಂಬವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಏರಿಕೆ ಕಾಣಸಿಗಲಿಲ್ಲ. ಹಣದ ಹಾದಿ ಬದಲಾಯಿತು, ಕಂಪೆನಿಯ ಬೇಸಾಯ ಬದಲಾಗಲಿಲ್ಲ. 2012ರ ಕೊನೆಯಲ್ಲಿ, ಮುಂದಿನ ವರ್ಷ ದರ ಏರುವುದೆಂಬ ಸುದ್ದಿ ಹರಡಿದಾಗ, ಅಲ್ಲಿಯೂ ಡಿಸೆಂಬರದೊಳಗೆ ವಿಶೇಷ ಲಾಭಾಂಶ ಹಂಚುವ ಓಟ ನಡೆಯಿತು. ಕಾಸ್ಟ್‌ಕೊ ಎಂಬ ಅಂಗಡಿಗಳ ಕಂಪೆನಿ ಸಾಲ ತೆಗೆದು ಷೇರಿಗೆ 7 ಡಾಲರು ಹಂಚಿತು.

ಇಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಕಂಪೆನಿ ತನ್ನ ಲಾಭದ ಮೇಲೆ ಮೊದಲೇ ತೆರಿಗೆ ಕಟ್ಟಿರುತ್ತದೆ. 2019ರಲ್ಲಿ ತಂದ ರಿಯಾಯಿತಿಯ ದರವನ್ನು ಆರಿಸಿಕೊಂಡ ಕಂಪೆನಿಗೂ ಎಲ್ಲ ಸೇರಿ ನೂರಕ್ಕೆ ಇಪ್ಪತ್ತೈದು ಬೀಳುತ್ತದೆ. ಉಳಿದ ಎಪ್ಪತ್ತೈದನ್ನು ಹಂಚಿದಾಗ ಅತ್ಯುಚ್ಚ ಸ್ತರದ ಷೇರುದಾರ ತನ್ನ ಪಾಲಿನ ಮೂರರಲ್ಲೊಂದಕ್ಕಿಂತ ಹೆಚ್ಚನ್ನು ಮತ್ತೆ ಕಟ್ಟುತ್ತಾನೆ. ನೂರರಲ್ಲಿ ಅವನಿಗೆ ದಕ್ಕುವುದು ಅರ್ಧಕ್ಕಿಂತ ತುಸು ಕಡಿಮೆ. ಒಂದೇ ಹಸುವಿನ ಹಾಲನ್ನು ಎರಡು ಸಲ ಅಳೆದಂತೆ ಎಂದು ಅವರು ದೂರುತ್ತಾರೆ. ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆ ದೂರನ್ನು ನೀಗಿಸಲು ಚಿಕ್ಕಮ್ಮನಂಥವರ ತಲೆಗೂ ಒಂದೇ ದರ ಹಾಕಿದ ಹಳೆಯ ಪದ್ಧತಿ ಸರಿಯೆಂದು ನನಗೆ ತೋರುವುದಿಲ್ಲ. ವಸೂಲಿಯ ಸುಲಭಕ್ಕೂ ನ್ಯಾಯಕ್ಕೂ ಜಗಳ ಬಂದಾಗ ದುರ್ಬಲರ ಕಡೆ ನಿಲ್ಲುವುದು ತೆರಿಗೆಯ ಧರ್ಮ.

ಬಂಡವಾಳ ಲಾಭದ ತೆರಿಗೆಯ ಕಥೆ ಬೇರೆ ಬಗೆಯದು. 1947ರಲ್ಲಿ, ಮಧ್ಯಂತರ ಸರಕಾರದ ಹಣಕಾಸು ಸದಸ್ಯ ಲಿಯಾಖತ್ ಅಲಿ ಖಾನರ ಬಜೆಟ್ಟಿನಲ್ಲಿ ಅದು ಮೊದಲು ಕಾಣಿಸಿಕೊಂಡಿತು. 1949ರಲ್ಲಿ ಅದನ್ನು ಕೈಬಿಟ್ಟರು. ಕೇಂಬ್ರಿಜ್ಜಿನ ನಿಕೊಲಸ್ ಕಾಲ್ಡರ್ ಅವರು ನಮ್ಮ ತೆರಿಗೆಗಳನ್ನು ಪರಿಶೀಲಿಸಿ ವರದಿ ಕೊಟ್ಟ 1956ರಲ್ಲಿ ಅದು ಮರಳಿ ಬಂತು. ಈ ತೆರಿಗೆಯ ವೈಶಿಷ್ಟ್ಯವೆಂದರೆ ಅದು ಮಾರಿದ ದಿನ ಮಾತ್ರ ಹುಟ್ಟುತ್ತದೆ. ಮಾರದಿದ್ದರೆ, ಬೆಲೆ ಹತ್ತು ಪಟ್ಟಾದರೂ ತೆರಿಗೆಯಿಲ್ಲ. ಆದುದರಿಂದ ಜನ ಮಾರುವುದಿಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಬೀಗ ಬಿದ್ದ ಬಂಡವಾಳವೆನ್ನುತ್ತಾರೆ. ಕೊಟ್ಟಿಗೆಯಲ್ಲಿ ಹಾಲು ಬತ್ತಿದ ಎಮ್ಮೆಯನ್ನು ಕಟ್ಟಿಕೊಂಡು, ಮಾರಿದರೆ ಸಂತೆಯ ಸುಂಕ ಕೊಡಬೇಕಲ್ಲ ಎಂದು ವರ್ಷಗಟ್ಟಲೆ ಹುಲ್ಲು ಹಾಕುವ ರೀತಿ ಅದು.

ಈ ಬೀಗ ನಮ್ಮ ಅಕ್ಕನ ಮನೆಗೂ ಬಿದ್ದಿತ್ತು. ಅಕ್ಕನಿಗೆ ಎರಡೂ ಮೊಣಕಾಲುಗಳು ಸವೆದು, ಬಾವಿಕಟ್ಟೆಯ ಮೂರು ಮೆಟ್ಟಿಲು ಇಳಿಯುವುದೂ ಕಷ್ಟವಾಗಿತ್ತು. ಶಸ್ತ್ರಚಿಕಿತ್ಸೆಗೂ ಆಮೇಲಿನ ಆರೈಕೆಗೂ ಸೇರಿ ಐದು ಲಕ್ಷ ರೂಪಾಯಿ ಬೇಕಾದೀತೆಂದು ಮಂಗಳೂರಿನ ವೈದ್ಯರು ಹೇಳಿದ್ದರು. ಭಾವನ ಹೆಸರಿನಲ್ಲಿ ಅವರ ತಂದೆಯ ಕಾಲದ ಷೇರುಗಳು, ಅದಕ್ಕಿಂತ ಹೆಚ್ಚು ಬೆಲೆಯವು, ಇದ್ದವು. ಆದರೆ ಭಾವ ಒಪ್ಪರು. "ಅಪ್ಪ ಹತ್ತು ರೂಪಾಯಿಗೆ ಕೊಂಡದ್ದು. ಈಗ ಮಾರಿದರೆ ಬಂದದ್ದೆಲ್ಲ ಲಾಭವೆಂದೇ ಲೆಕ್ಕ. ಸರಕಾರಕ್ಕೆ ಎಷ್ಟು ಸುರಿಯಬೇಕೋ! ಅದರ ಬದಲು ಬಂಗಾರ ಅಡವಿಡುವ" ಎಂದರು. ಬಂಗಾರ ಅಕ್ಕನದು. ಅಕ್ಕ ಏನೂ ಹೇಳಲಿಲ್ಲ. ಈ ಮಾತುಕತೆಯಲ್ಲಿ ಒಂದು ಮಳೆಗಾಲ ಕಳೆಯಿತು, ಒಂದು ಅಡಿಕೆ ಕೊಯ್ಲು ಮುಗಿಯಿತು. ಅಕ್ಕ ಗೋಡೆ ಹಿಡಿದುಕೊಂಡು ನಡೆಯತೊಡಗಿದರು.

2025ರ ಫೆಬ್ರವರಿಯಲ್ಲಿ ನಾನು ಭಾವನ ಎದುರು ಕುಳಿತು ಲೆಕ್ಕ ಮಾಡಿದೆ. 2018ರಲ್ಲಿ ಈ ತೆರಿಗೆ ಮರಳಿ ಬಂದಾಗ, ಹಳೆಯ ಷೇರುದಾರರಿಗೆ ಅನ್ಯಾಯವಾಗದಿರಲೆಂದು, 2018ರ ಜನವರಿ 31ರ ವರೆಗಿನ ಏರಿಕೆಯನ್ನು ಬಿಟ್ಟುಬಿಟ್ಟಿದ್ದಾರೆ. ಆ ದಿನದ ಮಾರುಕಟ್ಟೆಯ ಬೆಲೆಯನ್ನೇ ಕೊಂಡ ಬೆಲೆಯೆಂದು ಹಿಡಿಯಬಹುದು. ತಂದೆ ಕೊಟ್ಟ ಹತ್ತು ರೂಪಾಯಿಯ ಮಾತು ಇಲ್ಲಿ ಬರುವುದೇ ಇಲ್ಲ. ಐದು ಲಕ್ಷದ ಷೇರು ಮಾರಿದರೆ, ಆ ದಿನದ ಬೆಲೆಯ ಪ್ರಕಾರ ಭಾವನ ಲಾಭ ಎರಡೂವರೆ ಲಕ್ಷ. 2024ರ ಜುಲೈ 23ರಂದು ದರವನ್ನು ನೂರಕ್ಕೆ 10ರಿಂದ 12.5ಕ್ಕೆ ಏರಿಸಿದಾಗ, ವರ್ಷಕ್ಕೆ ತೆರಿಗೆಯಿಲ್ಲದ ಮಿತಿಯನ್ನೂ 1 ಲಕ್ಷದಿಂದ 1.25 ಲಕ್ಷಕ್ಕೆ ಏರಿಸಿದ್ದರು. ಭಾವನಿಗೆ ಪಿಂಚಣಿ ಬರುತ್ತದೆ, ಬೇರೆ ವಿನಾಯಿತಿ ಉಳಿದಿಲ್ಲ. ಹಾಗಿದ್ದರೂ ಎಲ್ಲವನ್ನೂ ಒಂದೇ ವರ್ಷ ಮಾರಿದರೆ ತೆರಿಗೆ ಉಪಕರವೂ ಸೇರಿ 16,250 ರೂಪಾಯಿ. ಅರ್ಧವನ್ನು ಮಾರ್ಚಿನಲ್ಲಿ, ಉಳಿದರ್ಧವನ್ನು ಏಪ್ರಿಲಿನಲ್ಲಿ, ಅಂದರೆ ಎರಡು ಆರ್ಥಿಕ ವರ್ಷಗಳಲ್ಲಿ ಮಾರಿದರೆ, ಎರಡೂ ಬಾರಿ ಲಾಭ 1.25 ಲಕ್ಷ, ತೆರಿಗೆ ಸೊನ್ನೆ.

ಭಾವ ಎರಡು ಬಾರಿ ಕೂಡಿ ಕಳೆದು ನೋಡಿದರು. ಯಾವ ತೆರಿಗೆಯ ಭಯದಿಂದ ಒಂದು ವರ್ಷ ಅಕ್ಕ ಗೋಡೆ ಹಿಡಿದರೋ ಆ ತೆರಿಗೆ ಅತಿ ಹೆಚ್ಚೆಂದರೆ ಹದಿನಾರು ಸಾವಿರ, ಜಾಣತನದಿಂದ ನಡೆದರೆ ಏನೂ ಇಲ್ಲ. ಬೆಲೆ ಆ ಎರಡು ವಾರಗಳಲ್ಲಿ ಇಳಿಯುವ ಅಪಾಯ ಇದ್ದೇ ಇತ್ತು, ಅದನ್ನೂ ಹೇಳಿದೆ. ಷೇರುಗಳನ್ನು ಮಾರ್ಚಿಯ ಕೊನೆಗೂ ಏಪ್ರಿಲಿನ ಮೊದಲಿಗೂ ಮಾರಲಾಯಿತು. ಮೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆಸ್ಪತ್ರೆಯಿಂದ ಮರಳಿದ ಮೇಲೆ ಅಕ್ಕ ನನ್ನೊಡನೆ ಒಂದೇ ಮಾತು ಕೇಳಿದರು: "ಹದಿನಾರು ಸಾವಿರ ಕೊಡಬೇಕಾಗಿ ಬಂದಿದ್ದರೆ ನನ್ನ ಕಾಲು ಅಷ್ಟು ಬಾಳುತ್ತಿರಲಿಲ್ಲವೋ?" ಭಾವ ಅಲ್ಲೇ ಇದ್ದರು. ಅವರು ಎದ್ದುಹೋಗಿ ತೋಟಕ್ಕೆ ನೀರು ಬಿಡುವ ಪಂಪನ್ನು ನೋಡತೊಡಗಿದರು.

ಅಕ್ಕನ ಪ್ರಶ್ನೆಯಲ್ಲಿ ಇಡಿಯ ವಿಷಯದ ತಿರುಳಿದೆಯೆಂದು ನನಗೆ ಅನಿಸುತ್ತದೆ. ತೆರಿಗೆ ಹಣವನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ, ನಿರ್ಧಾರವನ್ನೂ ಕೆಲವೊಮ್ಮೆ ತೆಗೆದುಕೊಳ್ಳುತ್ತದೆ. ದೊಡ್ಡ ಕಂಪೆನಿಯಲ್ಲಿ ಹತ್ತು ಮಂದಿ ಲೆಕ್ಕಿಗರು ಕುಳಿತು ಕಟ್ಟೆಯ ಎತ್ತರವನ್ನು ಅಳೆಯುತ್ತಾರೆ. ನಮ್ಮ ಮನೆಗಳಲ್ಲಿ ಅಳೆಯುವವರಿಲ್ಲದೆ ಅದು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಅವರಿಗೆ ಅದು ಲೆಕ್ಕ, ನಮಗೆ ಅದು ಭಯ. ತಂದೆಯ ಷೇರು ಮಗನಿಗೆ ಬಂದಾಗ ತಂದೆಯ ಬೆಲೆ, ತಂದೆಯ ಕಾಲಾವಧಿ ಎರಡೂ ನಮ್ಮ ಕಾನೂನಿನಲ್ಲಿ ಮಗನಿಗೆ ಬರುತ್ತವೆ. ಅಮೆರಿಕದಲ್ಲಿ ಒಡೆಯ ತೀರಿಕೊಂಡ ದಿನದ ಬೆಲೆಯೇ ವಾರಸುದಾರನ ಬೆಲೆ. ಅದರಿಂದ ಅಲ್ಲಿನ ಶ್ರೀಮಂತರು ಸಾಯುವ ವರೆಗೂ ಮಾರದಿರುವುದು ಲೆಕ್ಕಕ್ಕೆ ಸರಿ. ನಮ್ಮಲ್ಲಿ ಆ ಪ್ರಯೋಜನವೂ ಇಲ್ಲ. ಮಾರದೆ ಸತ್ತರೆ ಬೀಗದ ಜೊತೆಗೆ ಪೆಟ್ಟಿಗೆಯನ್ನು ಮಕ್ಕಳಿಗೆ ದಾಟಿಸಿದಂತೆ ಮಾತ್ರ.

ಓದುಗ ಬಂಧುಗಳಲ್ಲಿ ನನ್ನ ವಿನಂತಿ ಕೆಲವೇ. ಮನೆಯಲ್ಲಿ ಷೇರಿದ್ದರೆ ಒಂದು ಪುಸ್ತಕದಲ್ಲಿ, ಕನ್ನಡದಲ್ಲೇ, ಕೊಂಡ ದಿನ, ಕೊಂಡ ಬೆಲೆ, 2018ರ ಜನವರಿ 31ರ ಬೆಲೆ, ನಾಮನಿರ್ದೇಶನದ ಹೆಸರು ಇಷ್ಟನ್ನು ಬರೆದಿಡಿ. ಪೆಟ್ಟಿಗೆಯಲ್ಲಿ ಕಾಗದದ ಷೇರುಗಳೇ ಉಳಿದಿದ್ದರೆ ಅವನ್ನು ಡಿಮ್ಯಾಟ್ ಖಾತೆಗೆ ಮಾಡಿಸಿಕೊಳ್ಳಿ. 2019ರ ಏಪ್ರಿಲಿನಿಂದ ಕಾಗದದ ರೂಪದಲ್ಲಿ ಮಾರಾಟದ ವರ್ಗಾವಣೆ ನಿಂತಿದೆ. ಆದಾಯ ಕಡಿಮೆಯಿರುವ ಹಿರಿಯರಿದ್ದರೆ ಲಾಭಾಂಶದಿಂದ ತೆರಿಗೆ ಮುರಿಯದಂತೆ ಘೋಷಣೆಯನ್ನು ಪ್ರತಿ ವರ್ಷ ಮೊದಲೇ ಕಳಿಸಿರಿ. 1961ರ ಆದಾಯ ತೆರಿಗೆ ಶಾಸನದ ಬದಲಿಗೆ ಬಂದ 2025ರ ಹೊಸ ಶಾಸನ 2026ರ ಏಪ್ರಿಲ್ 1ರಿಂದ ಜಾರಿಗೊಳ್ಳುವಂಥದು. ಕಲಮುಗಳ ಅಂಕಿಗಳು ಅದರಲ್ಲಿ ಬೇರೆ. ದರಗಳೋ, ಇಷ್ಟು ವರ್ಷಗಳ ಚರಿತ್ರೆಯನ್ನು ನೋಡಿದ ಮೇಲೆ ಅವು ಮುಂದೆಯೂ ಹೀಗೆಯೇ ಇರುವುವೆಂದು ಯಾರೂ ಭರವಸೆ ಕೊಡಲಾರರು. ಆದುದರಿಂದ ಮಾರುವ ಮೊದಲು ಆ ವರ್ಷದ ನಿಯಮವನ್ನು ತಿಳಿದವರಲ್ಲಿ ಕೇಳಿರಿ.

ಕೇಳುವಾಗ ಪ್ರಶ್ನೆಗಳ ಕ್ರಮ ತಪ್ಪದಿರಲಿ. ಈ ಹಣ ಯಾರಿಗೆ, ಯಾವುದಕ್ಕೆ, ಯಾವಾಗ ಬೇಕು ಎಂಬುದು ಮೊದಲನೆಯದು. ಇಡಿಯ ಮನೆಯ ಉಳಿತಾಯ ಒಂದೇ ಕಂಪೆನಿಯಲ್ಲಿ ಸಿಕ್ಕಿಕೊಂಡಿದೆಯೆ ಎಂಬುದು ಎರಡನೆಯದು. ತೆರಿಗೆ ಎಷ್ಟು ಎಂಬುದು ಮೂರನೆಯದು. ಮೂರನೆಯದನ್ನು ಮೊದಲು ಕೇಳುವ ಮನೆಗಳಲ್ಲಿ ಉಳಿದೆರಡನ್ನು ಕೇಳುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ.